ಪಿಯುಸಿ ಆಯಿತು, ಮುಂದೇನು? ಘಟ್ಟದ ಮೇಲಿನ ಹಳೆಯ ಪ್ರಶ್ನೆ

ಹೆಗ್ಗದ್ದೆ ಎಂದರೆ ಹಿರಿದಾದ ಗದ್ದೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಇಳಿಜಾರು ಹಿಡಿಯುವವರಿಗೆ ಈ ಊರು ಎದುರಾಗುತ್ತದೆ. ಹೆದ್ದಾರಿ ಎಂಜಿನಿಯರುಗಳಿಗೆ ಇದರ ಗುರುತೇ ಬೇರೆ. ಘಾಟಿಯ 26 ಕಿಲೋಮೀಟರ್ ಕಾಂಕ್ರೀಟ್ ರಸ್ತೆಯ ಮೇಲ್ತುದಿ ಹೆಗ್ಗದ್ದೆ, ಕೆಳತುದಿ ಅಡ್ಡಹೊಳೆ. ಆ ಕಾಮಗಾರಿಯ ಮೊದಲ ಹಂತಕ್ಕೆಂದು 2015ರಲ್ಲಿ, ಎರಡನೆಯ ಹಂತಕ್ಕೆಂದು 2018ರಲ್ಲಿ ತಿಂಗಳುಗಟ್ಟಲೆ ಈ ದಾರಿ ಮುಚ್ಚಿತ್ತು.

ವಿದ್ಯೆಯ ವಿಷಯಕ್ಕೆ ರಸ್ತೆಯ ಮಾತೇಕೆ ಎನ್ನಬಹುದು. ಸಕಲೇಶಪುರ, ಆಲೂರು ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ಏನು ಓದಬೇಕೆಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಅಂಕಪಟ್ಟಿಯಲ್ಲ, ಬಸ್ಸು. ಪೂರ್ವಕ್ಕೆ ಹೊರಟರೆ ಸಕಲೇಶಪುರ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಹಾಸನ, ಅದರಾಚೆ ಮೈಸೂರು, ಬೆಂಗಳೂರು. ಪಶ್ಚಿಮಕ್ಕೆ ಇಳಿದರೆ ಮಂಗಳೂರು. ಯಾವ ಬಸ್ಸು ಬೆಳಿಗ್ಗೆ ಹೊರಟು ಸಂಜೆಯೊಳಗೆ ತಿರುಗಿ ಬರುತ್ತದೋ ಆ ಊರಿನ ಕಾಲೇಜು. ಆ ಕಾಲೇಜಿನಲ್ಲಿ ಯಾವ ವಿಷಯವಿದೆಯೋ ಅದೇ ಓದು. ಹೆಣ್ಣುಮಕ್ಕಳ ಮಟ್ಟಿಗಂತೂ ಇದು ಬರೆಯದ ಕಾನೂನು. ಕಾಡಾನೆಗಳ ಓಡಾಟವಿರುವ ಕಡೆ ಕತ್ತಲಾದ ಮೇಲೆ ಬಸ್ಸಿಳಿದು ಒಬ್ಬಳೇ ತೋಟದ ದಾರಿಯಲ್ಲಿ ನಡೆದು ಬಾ ಎಂದು ಯಾವ ತಂದೆ ತಾಯಿ ಹೇಳಿಯಾರು?

ಈಚಿನ ವರ್ಷಗಳಲ್ಲಿ ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ರಾಜ್ಯದಲ್ಲಿ ಹೊಸ ಬಗೆಯ ಸಭೆಯೊಂದು ಕಾಣಿಸಿಕೊಂಡಿದೆ. ಇದಕ್ಕೆ ಶಾಮಿಯಾನವಿಲ್ಲ, ಹಾರ ತುರಾಯಿಯಿಲ್ಲ. ಎಂಜಿನಿಯರಿಂಗ್, ಕೃಷಿ, ನರ್ಸಿಂಗ್, ಕಾನೂನು ಓದುತ್ತಿರುವ ಹುಡುಗ ಹುಡುಗಿಯರು ತಂತಮ್ಮ ಹಾಸ್ಟೆಲ್ ಕೋಣೆಗಳಿಂದಲೇ ಮೊಬೈಲ್ ಪರದೆಯ ಮೇಲೆ ಸೇರುತ್ತಾರೆ. ತಮಗಿಂತ ಒಂದೆರಡು ವರ್ಷ ಕಿರಿಯರಿಗೆ ಯಾವ ಕೋರ್ಸಿಗೆ ಯಾವ ಪರೀಕ್ಷೆ, ಶುಲ್ಕವೆಷ್ಟು, ಹಾಸ್ಟೆಲಿಗೆ ಅರ್ಜಿ ಎಲ್ಲಿ ಎಂದು ಹೇಳಿಕೊಡುತ್ತಾರೆ. ಕೆಲವರು ಇದನ್ನು ವೆಬಿನಾರ್ ಎನ್ನುತ್ತಾರೆ, ಕೆಲವರು ಆನ್‌ಲೈನ್ ಸಮ್ಮೇಳನ ಎನ್ನುತ್ತಾರೆ. 2020ರ ಕೊರೊನಾ ಕಾಲ ಇದನ್ನು ರೂಢಿಗೆ ತಂದಿತು.

ಹೊಸತು ಪರದೆ ಮಾತ್ರ. ದೂರದ ಕಾಲೇಜಿನ ಸುದ್ದಿಯನ್ನು ಮೊದಲೇ ಹೋದ ವಿದ್ಯಾರ್ಥಿ ಹಿಂದೆ ಉಳಿದವನಿಗೆ ಮುಟ್ಟಿಸುವ ಕೆಲಸ ಈ ನಾಡಿನಲ್ಲಿ ನೂರು ವರ್ಷಕ್ಕೂ ಹಳೆಯದು. ವಿಶ್ವವಿದ್ಯಾಲಯ, ಆಕಾಶವಾಣಿ, ಅಂಚೆ, ಕೊನೆಗೆ ಉಪಗ್ರಹ ಕೂಡ ವಿದ್ಯೆಯನ್ನು ಘಟ್ಟ ಹತ್ತಿಸುವ ಕೆಲಸಕ್ಕೆ ಕೈಹಾಕಿದವು. ಪಾಠವನ್ನು ಅವು ಹತ್ತಿಸಿದವು. ಪಾಠಕ್ಕೆ ಸೇರುವ ದಾರಿಯನ್ನು ಹೇಳುವ ಕೆಲಸ ಮಾತ್ರ ಮತ್ತೆ ಮತ್ತೆ ವಿದ್ಯಾರ್ಥಿಗಳ ಹೆಗಲಿಗೇ ಬಿತ್ತು.

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. 1956ರ ಏಕೀಕರಣದವರೆಗೆ ಘಾಟಿಯ ಮೇಲೆ ಮೈಸೂರು, ಕೆಳಗೆ ಮದ್ರಾಸು. ರಾಜಕೀಯದ ಈ ಗಡಿ 1916ರಲ್ಲಿ ವಿದ್ಯೆಯ ಗಡಿಯೂ ಆಯಿತು. ಅಲ್ಲಿಯವರೆಗೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಕೂಡ ಮದ್ರಾಸು ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಆ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅಂದಿನಿಂದ ಘಟ್ಟದ ಮೇಲಿನವನಿಗೆ ಮೈಸೂರಿನ ಪದವಿ, 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಇಳಿದು ಹೋದವನಿಗೆ ಮದ್ರಾಸಿನ ಪದವಿ. ಒಂದೇ ಮಳೆ ಬೀಳುವ ಎರಡು ಊರುಗಳಿಗೆ ಎರಡು ವಿಶ್ವವಿದ್ಯಾಲಯ.

ಕಾಲೇಜು ಇದ್ದರೆ ಸಾಕೆ? ಅಲ್ಲಿ ಹೋಗಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದು ಬಡ ವಿದ್ಯಾರ್ಥಿಯ ಮೊದಲ ಪ್ರಶ್ನೆ. ಅದಕ್ಕೆ ಆ ಕಾಲದ ಒಂದು ಉತ್ತರ ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುವ ಪದ್ಧತಿ. ಯಾವ ಮನೆಯವರು ಯಾವ ದಿನ ಊಟ ಹಾಕುತ್ತಾರೆ ಎಂಬುದು ಯಾವ ಕಾಲೇಜಿನ ವಿವರಣ ಪತ್ರಿಕೆಯಲ್ಲೂ ಅಚ್ಚಾಗುತ್ತಿರಲಿಲ್ಲ. ಓದು ಮುಗಿಸಿ ಹೊರಡುವ ಹುಡುಗ ತನ್ನ ‘ವಾರ’ಗಳನ್ನು ಊರಿನಿಂದ ಬರುವ ಹೊಸಬನಿಗೆ ದಾಟಿಸಿ ಹೋಗುತ್ತಿದ್ದ. ಹಾಸನ ಜಿಲ್ಲೆಯವರೇ ಆದ ಎಸ್.ಎಲ್. ಭೈರಪ್ಪ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರದಿಂದ ಹೊರಟು, ವಾರಾನ್ನ ಉಂಡು, ಸಿಕ್ಕ ಕೆಲಸ ಮಾಡಿ, ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ, ಬರೋಡಾದಲ್ಲಿ ಡಾಕ್ಟರೇಟ್ ಪಡೆದರು. ಅವರ ಆತ್ಮಕಥೆ ‘ಭಿತ್ತಿ’ 1996ರಲ್ಲಿ ಬಂದಾಗ ಈ ಹಾದಿಯ ವಿವರಗಳು ಹೊಸ ತಲೆಮಾರಿಗೆ ತಿಳಿದವು.

ಆದರೆ ವಾರಾನ್ನದ ಬಾಗಿಲು ಹೆಚ್ಚಾಗಿ ಜಾತಿ ನೋಡಿಯೇ ತೆರೆಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಬ್ರಾಹ್ಮಣೇತರ ಹುಡುಗರಿಗೆ ಬೇರೆ ಏರ್ಪಾಡು ಬೇಕಿತ್ತು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘವೂ ಸೇರಿದಂತೆ ಅನೇಕ ಸಮುದಾಯಗಳ ಸಂಸ್ಥೆಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಲು ಹೊರಟದ್ದು ಈ ಕಾರಣಕ್ಕೇ. 1918ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಲೆಸ್ಲಿ ಮಿಲ್ಲರ್ ಸಮಿತಿಯನ್ನು ಸರ್ಕಾರಿ ಹುದ್ದೆಗಳ ಮೀಸಲಾತಿಗಾಗಿ ಎಲ್ಲರೂ ನೆನೆಯುತ್ತಾರೆ. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಬೇಕೆಂಬುದೂ ಅದರ ಶಿಫಾರಸುಗಳಲ್ಲಿತ್ತು. ಹಾಸ್ಟೆಲುಗಳು ಬರಿಯ ಅನ್ನ ಹಾಕಲಿಲ್ಲ. ರಜೆಗೆ ಊರಿಗೆ ಬರುವ ಹಾಸ್ಟೆಲ್ ಹುಡುಗ ಟ್ರಂಕಿನಲ್ಲಿ ಬಟ್ಟೆಯ ಜೊತೆಗೆ ಅರ್ಜಿ ಫಾರಂಗಳನ್ನೂ ತರುತ್ತಿದ್ದ. ಆಗಿನ ಮಾಹಿತಿ ಕೇಂದ್ರ ಆ ಟ್ರಂಕೇ. ದಲಿತ ಕೇರಿಗೆ, ಕಾಫಿ ತೋಟದ ಕೂಲಿ ಲೈನುಗಳಿಗೆ ಅಂಥ ಟ್ರಂಕು ತಲುಪಲು ಇನ್ನೂ ಬಹಳ ಕಾಲ ಹಿಡಿಯಿತು. ಅಲ್ಲಿಂದ ಮೊದಲು ಹೋದವರೇ ಇಲ್ಲದಿದ್ದಾಗ ಸುದ್ದಿ ತರುವವರಾರು?

ಇದಕ್ಕೆಲ್ಲ ಹೊರತಾದ ದಾರಿ ಹಿಡಿದವರೂ ಜಿಲ್ಲೆಯಲ್ಲಿದ್ದರು. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ ಅಸಹಕಾರ ಚಳವಳಿಯ ಕಾಲದಲ್ಲಿ ಶಾಲೆ ಬಿಟ್ಟು, ಗಾಂಧೀಜಿ 1920ರಲ್ಲಿ ಸ್ಥಾಪಿಸಿದ ಅಹಮದಾಬಾದಿನ ಗುಜರಾತ್ ವಿದ್ಯಾಪೀಠಕ್ಕೆ ಹೋಗಿ ಸೇರಿದರು. ಉನ್ನತ ಶಿಕ್ಷಣಕ್ಕೆ ‘ಪರ್ಯಾಯ’ ಎಂಬ ಮಾತು ಇಂದಿನದಲ್ಲ.

ವಿಶ್ವವಿದ್ಯಾಲಯವೇ ಹಳ್ಳಿಗೆ ಹೋಗಬೇಕು ಎಂಬ ವಿಚಾರವೂ ಹಳೆಯದೇ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳು ಆ ವಿಚಾರದ ಫಲ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡುವುದು, ಆ ಮಾತನ್ನೇ ಕಿರುಹೊತ್ತಿಗೆ ಮಾಡಿ ಅಗ್ಗದ ಬೆಲೆಗೆ ಮಾರುವುದು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅಧ್ಯಯನಾಂಗ, ಸಂಶೋಧನಾಂಗಗಳ ಸರಿಸಮಕ್ಕೆ ಪ್ರಸಾರಾಂಗವನ್ನು ನಿಲ್ಲಿಸಿದರು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗನೊಬ್ಬ ಮುಂದೆ ಕುಲಪತಿಯಾಗಿ ಈ ಕೆಲಸಕ್ಕೆ ಬಲ ಕೊಟ್ಟದ್ದು ಆಕಸ್ಮಿಕವಲ್ಲವೆನಿಸುತ್ತದೆ. ಇನ್ನೊಂದು ಬೆರಗಿನ ಸಂಗತಿಯೆಂದರೆ, ಕನ್ನಡ ನಾಡಿನ ಮೊದಲ ಬಾನುಲಿ ಕೇಂದ್ರವನ್ನು ತೆರೆದವರೂ ಕಾಲೇಜು ಮೇಷ್ಟರೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಪ್ರಸಾರ ಯಂತ್ರವಿಟ್ಟು ‘ಆಕಾಶವಾಣಿ’ ನಡೆಸಿದರು.

ಇವೆಲ್ಲ ದೊಡ್ಡ ಕೆಲಸಗಳು. ಆದರೂ ಒಂದು ಕೊರತೆ ಉಳಿಯಿತು. ಪ್ರಾಧ್ಯಾಪಕರ ಉಪನ್ಯಾಸ ಕೇಳಿದ ಹಳ್ಳಿಯ ಹುಡುಗನಿಗೆ ನಕ್ಷತ್ರಗಳ ವಿಷಯ ತಿಳಿಯಿತು, ರೋಗಾಣುಗಳ ವಿಷಯ ತಿಳಿಯಿತು. ಅದನ್ನೇ ಮುಂದೆ ಓದಬೇಕಾದರೆ ಯಾರಿಗೆ ಅರ್ಜಿ ಹಾಕಬೇಕು, ಕೊನೆಯ ದಿನ ಯಾವುದು ಎಂಬುದನ್ನು ವೇದಿಕೆಯ ಮೇಲಿನಿಂದ ಯಾರು ಹೇಳುತ್ತಾರೆ? ಪ್ರಾಧ್ಯಾಪಕರು ಅರ್ಜಿ ಫಾರಂ ತುಂಬಿ ದಶಕಗಳೇ ಕಳೆದಿರುತ್ತವೆ. ಅದನ್ನು ಹೋದ ವರ್ಷ ತುಂಬಿದವನೇ ಬಲ್ಲ.

1960ರಲ್ಲಿ ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಆರಂಭವಾದಾಗ ಆಯ್ಕೆಗಳ ಭೂಪಟವೇ ಬದಲಾಯಿತು. ಅದೇ ವರ್ಷ ಘಟ್ಟದ ಕೆಳಗೆ ಸುರತ್ಕಲ್ಲಿನಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜೂ ಬಂತು. ಮನೆಯಲ್ಲೇ ಇದ್ದು ಪದವಿ ಪಡೆಯುವ ದಾರಿಯನ್ನು ಅಂಚೆ ತೆರೆಯಿತು. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತ್ತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅದೇ ಹಾದಿ ಹಿಡಿಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಸನದು ಸಿಕ್ಕಿದ್ದೂ ಅದೇ ವರ್ಷ. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಶಾಲಾ ಮಾಸ್ತರರು, ಗುಮಾಸ್ತರು, ಮದುವೆಯಾಗಿ ತೋಟದ ಮನೆ ಸೇರಿದ ಹೆಣ್ಣುಮಕ್ಕಳು ಅಂಚೆಯಣ್ಣ ತಂದುಕೊಟ್ಟ ಪಾಠಗಳ ಕಟ್ಟು ಬಿಚ್ಚಿ ಪದವೀಧರರಾದರು. ಆದರೆ 2013–14ರ ಸಾಲಿನಿಂದ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಗುವವರೆಗೆ ವಿದ್ಯಾರ್ಥಿಗಳು ಅನುಭವಿಸಿದ ಆತಂಕ ಸಣ್ಣದಲ್ಲ. ಯಾವ ಪದವಿಗೆ ಯಾವ ವರ್ಷ ಬೆಲೆ ಇದೆ ಎಂಬ ಸುದ್ದಿಯೂ ಪಾಠದಷ್ಟೇ ಮುಖ್ಯ ಎಂಬುದು ಆಗ ಅರಿವಾಯಿತು.

ಉಪಗ್ರಹದ ಕಥೆಯಲ್ಲಿ ಹಾಸನಕ್ಕೆ ವಿಶೇಷ ಪಾತ್ರವಿದೆ. ಇನ್ಸಾಟ್ ಉಪಗ್ರಹಗಳನ್ನು ಹಿಡಿದು ನಿಲ್ಲಿಸುವ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಈ ಊರಿನಲ್ಲಿದೆ. 1984ರ ಆಗಸ್ಟ್ 15ರಂದು ಯುಜಿಸಿ ಇನ್ಸಾಟ್-1ಬಿ ಮೂಲಕ ದೂರದರ್ಶನದಲ್ಲಿ ‘ರಾಷ್ಟ್ರವ್ಯಾಪಿ ತರಗತಿ’ಯನ್ನು ಆರಂಭಿಸಿತು. ಸಣ್ಣ ಊರಿನ ಕಾಲೇಜು ಮಕ್ಕಳಿಗಾಗಿಯೇ ರೂಪಿಸಿದ ಈ ಪಾಠಗಳು ಇಂಗ್ಲಿಷಿನಲ್ಲಿದ್ದವು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದಕ್ಕೆ ಮುನ್ನುಡಿಯಾಗಿ ಇನ್ಸಾಟ್-3ಬಿ ಮೂಲಕ ನಡೆದ ಪ್ರಯೋಗದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜುಗಳಿದ್ದವು. ಪಾಠ ಹೇಳುವ ಉಪಗ್ರಹಗಳ ಕಡಿವಾಣ ಹಾಸನದಲ್ಲಿ. ಹಾಸನದಿಂದ ಬಸ್ಸಿಗೆ ಎರಡು ಗಂಟೆಯ ದೂರವಿಲ್ಲದ ಕಾಫಿ ಸೀಮೆಯ ಹುಡುಗಿಗೆ ಎಂಜಿನಿಯರಿಂಗಿಗೆ ಅರ್ಜಿ ಹಾಕುವ ಬಗೆ ತಿಳಿಸುವವರಿಲ್ಲ. ಇದು ವಿಪರ್ಯಾಸವೇ ಸರಿ.

ಈ ನಡುವೆ ಸೀಟು ಹಂಚುವ ವಿಧಾನವೇ ಬದಲಾಗಿತ್ತು. ಕ್ಯಾಪಿಟೇಷನ್ ಶುಲ್ಕದ ಹಾವಳಿ ಹೆಚ್ಚಿ, ಅದನ್ನು ನಿಷೇಧಿಸುವ ಕಾಯಿದೆ 1984ರಲ್ಲಿ ಬಂತು. ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಕೂಡ ಆರಂಭವಾಯಿತು. ಕರ್ನಾಟಕದ ಮೆಡಿಕಲ್ ಸೀಟು ಶುಲ್ಕವನ್ನೇ ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಖಾಸಗಿ ಕಾಲೇಜುಗಳ ಸೀಟುಗಳಲ್ಲಿ ದೊಡ್ಡ ಪಾಲು ಅರ್ಹತೆಯ ಮೇಲೆ ಹಂಚಿಕೆಯಾಗತೊಡಗಿತು. ಅಪ್ಪ ಮಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಡಿಮಾಂಡ್ ಡ್ರಾಫ್ಟು, ಮೂಲ ದಾಖಲೆಗಳ ಚೀಲವನ್ನು ಎದೆಗವಚಿಕೊಂಡು ಕೌನ್ಸೆಲಿಂಗಿಗೆ ಕಾಯುತ್ತಿದ್ದ ಕಾಲವದು. ಹೆಸರು ಕರೆದಾಗ ಕೆಲವೇ ನಿಮಿಷಗಳಲ್ಲಿ ಕಾಲೇಜು, ಕೋರ್ಸು ಎರಡನ್ನೂ ಆರಿಸಬೇಕು. ಸಾಲಿನಲ್ಲಿ ಪಕ್ಕ ನಿಂತ ಅಪರಿಚಿತನ ಸಲಹೆಯೇ ಎಷ್ಟೋ ಮಂದಿಯ ಭವಿಷ್ಯವಾಯಿತು. 1996ರಿಂದ 2007ರವರೆಗೆ ಹಾಸನ–ಮಂಗಳೂರು ಮಾರ್ಗದಲ್ಲಿ ಹಳಿ ಪರಿವರ್ತನೆಗಾಗಿ ಪ್ರಯಾಣಿಕರ ರೈಲೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

2010ರ ದಶಕದಲ್ಲಿ ಸೀಟು ಆಯ್ಕೆ ಅಂತರ್ಜಾಲಕ್ಕೆ ಬಂತು. ಬೆಂಗಳೂರಿನ ಪ್ರಯಾಣ ತಪ್ಪಿತು, ಗೊಂದಲ ತಪ್ಪಲಿಲ್ಲ. ಈಗ ಅಭ್ಯರ್ಥಿ ತನಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಬೇಕು. ರ‍್ಯಾಂಕಿನ ಪ್ರಕಾರ ಸರದಿ ಬಂದಾಗ ಕಂಪ್ಯೂಟರ್ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಮೊದಲು ಸಿಗುವುದನ್ನು ಕೊಟ್ಟುಬಿಡುತ್ತದೆ. ಸಿಕ್ಕರೆ ಸಾಕೆಂಬ ಭಯದಿಂದ ಸುಮಾರಾದ ಕಾಲೇಜನ್ನು ಮೊದಲು ಬರೆದವನಿಗೆ ಅದೇ ಸಿಗುತ್ತದೆ, ಅದಕ್ಕಿಂತ ಒಳ್ಳೆಯದಕ್ಕೆ ಅರ್ಹತೆ ಇದ್ದರೂ. ಆಮೇಲೆ ನಾಲ್ಕು ‘ಚಾಯ್ಸ್’ಗಳು: ಸಿಕ್ಕಿದ್ದನ್ನು ಒಪ್ಪಿ ಸೇರುವುದು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಬೇಕು ಎನ್ನುವುದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎನ್ನುವುದು, ಪೂರ್ತಿ ಹೊರನಡೆಯುವುದು. ಮೂರನೆಯದನ್ನು ಎರಡನೆಯದೆಂದು ತಿಳಿದು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮೀಸಲಾತಿಯ ಲೆಕ್ಕ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟು ಸೀಟುಗಳಿವೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಬೇರೆ. ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಏಲಕ್ಕಿ, ಮೆಣಸು, ಭತ್ತದ ನಡುವೆ ಬೆಳೆದ ಮಕ್ಕಳಿಗೆ ಇದಕ್ಕಿಂತ ಅನುಕೂಲದ ಪರೀಕ್ಷೆ ಯಾವುದು? ಆದರೆ ಇವನ್ನೆಲ್ಲ ಅರ್ಜಿ ಹಾಕುವಾಗಲೇ ಕೇಳಿರಬೇಕು. ರ‍್ಯಾಂಕು ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಇನ್ನೊಂದು ಮುಳ್ಳು ಇದೆ. ಹೈಸ್ಕೂಲಿಗೆಂದು ಹಳ್ಳಿಯಿಂದ ಸಕಲೇಶಪುರ ಪಟ್ಟಣದ ಶಾಲೆಗೆ ಬಂದ ಮಗು ಪುರಸಭೆಯ ವ್ಯಾಪ್ತಿಯಲ್ಲಿ ಓದಿದಂತಾಗುತ್ತದೆ. ಹುಟ್ಟಿದ್ದು, ಬೆಳೆದದ್ದು, ದಿನವೂ ಮರಳಿದ್ದು ಹಳ್ಳಿಗೇ ಆದರೂ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಎಂಟನೆಯ ತರಗತಿಗೆ ಸೇರಿಸುವಾಗ ಯಾವ ತಂದೆಗೂ ಇದು ಹೊಳೆಯುವುದಿಲ್ಲ.

2020ರಲ್ಲಿ ಈ ಎಲ್ಲ ಎಳೆಗಳು ಒಂದೆಡೆ ಗಂಟುಬಿದ್ದವು. ಮಾರ್ಚಿನಲ್ಲಿ ಲಾಕ್‌ಡೌನ್. ದ್ವಿತೀಯ ಪಿಯುಸಿಯ ಉಳಿದಿದ್ದ ಇಂಗ್ಲಿಷ್ ಪರೀಕ್ಷೆ ಜೂನ್ 18ಕ್ಕೆ ಹೋಯಿತು, ಸಿಇಟಿ ಜುಲೈ 30 ಮತ್ತು 31ಕ್ಕೆ. ಕಾಲೇಜು ಮುಚ್ಚಿದೆ, ಉಪನ್ಯಾಸಕರು ಸಿಗುವುದಿಲ್ಲ, ಬಸ್ಸಿಲ್ಲ. ರಜೆಗೆ ಬರುವ ಹಾಸ್ಟೆಲ್ ಹುಡುಗನೂ ಟ್ರಂಕಿನೊಂದಿಗೆ ಊರಲ್ಲೇ ಸಿಕ್ಕಿಕೊಂಡಿದ್ದ. ಆಗ ನಡೆಯತೊಡಗಿದವು ವಿದ್ಯಾರ್ಥಿಗಳೇ ಏರ್ಪಡಿಸಿದ ಪರದೆಯ ಮೇಲಿನ ಸಭೆಗಳು. ಖಾಸಗಿ ಕಾಲೇಜುಗಳೂ ಕೋಚಿಂಗ್ ಸಂಸ್ಥೆಗಳೂ ಇಂಥ ಸಭೆಗಳನ್ನು ಸಾಲುಸಾಲಾಗಿ ನಡೆಸಿದವೆನ್ನಿ. ಅವುಗಳಿಗೆ ಮಾರಲು ಸೀಟುಗಳಿದ್ದವು. ವಿದ್ಯಾರ್ಥಿಗಳ ಬಳಿ ಮಾರಲು ಏನೂ ಇರಲಿಲ್ಲ. ಹಾಸ್ಟೆಲ್ ಊಟ ಹೇಗಿದೆ, ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್ ಹೇಗೆ ದಾಟಿದರು, ಯಾವ ವಿದ್ಯಾರ್ಥಿವೇತನ ನಿಜಕ್ಕೂ ಕೈಗೆ ಬರುತ್ತದೆ ಎಂಬ ಅನುಭವ ಇತ್ತು. ಇವರ ಸಭೆ ಕನ್ನಡದಲ್ಲಿ ನಡೆಯಿತೆಂಬುದೂ ಸಣ್ಣ ಮಾತಲ್ಲ.

ಆಯ್ಕೆಗಳು ಅಂದಿನಿಂದ ಇನ್ನಷ್ಟು ಜಟಿಲವಾಗಿವೆ. 2021ರಲ್ಲಿ ಪಿಯುಸಿ ಪರೀಕ್ಷೆಯೇ ರದ್ದಾಗಿ ಸಿಇಟಿ ಅಂಕಗಳೊಂದರ ಮೇಲೆಯೇ ರ‍್ಯಾಂಕು ಬಂತು. ಅದೇ ವರ್ಷ ನಾಲ್ಕು ವರ್ಷದ ಪದವಿ ಜಾರಿಯಾಯಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಪ್ರತ್ಯೇಕ ಪರೀಕ್ಷೆ ಬಂದಿದೆ. ಹಾಸನಕ್ಕೆ ತನ್ನದೇ ವಿಶ್ವವಿದ್ಯಾಲಯ ಸಿಕ್ಕಿ ಎರಡು ವರ್ಷವಾಗುವಷ್ಟರಲ್ಲಿ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೇ ಬೇಡವೇ ಎಂಬ ಚರ್ಚೆ ಎದ್ದಿತು. ಅಣ್ಣ ಸೇರಿದಾಗ ಇದ್ದ ನಿಯಮ ತಮ್ಮ ಸೇರುವಾಗ ಇರುವುದಿಲ್ಲ. ಹಾಗಾಗಿ ಐದು ವರ್ಷ ಹಿಂದೆ ಓದಿದವರ ಸಲಹೆಯೂ ಹಳತಾಗಿರುತ್ತದೆ.

ಹಾಗೆಂದು ಪರದೆ ಎಲ್ಲರಿಗೂ ತೆರೆಯಿತೆಂದು ತಿಳಿಯಬಾರದು. 2021ರ ಜೂನ್ ತಿಂಗಳಲ್ಲಿ ಘಾಟಿಯ ಕೆಳಗಿನ ಸುಳ್ಯ ತಾಲ್ಲೂಕಿನಲ್ಲಿ, ಮಳೆಯಲ್ಲಿ ರಸ್ತೆ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಹುಡುಗಿ, ಆಕೆಗೆ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮನೆಯಲ್ಲಿ ಸಿಗ್ನಲ್ ಇರಲಿಲ್ಲ, ರಸ್ತೆಯಲ್ಲಿ ಇತ್ತು. ಘಟ್ಟದ ಮೇಲೂ ಇದೇ ಕಥೆ. ಕಣಿವೆಯಲ್ಲಿ ಮನೆ, ಗುಡ್ಡದ ನೆತ್ತಿಯಲ್ಲಿ ಸಿಗ್ನಲ್, ನಡುವೆ ಆನೆಯ ದಾರಿ.

ಪಂಚಾಂಗವೂ ಮಲೆನಾಡಿಗೆ ಅನುಕೂಲವಾಗಿಲ್ಲ. ಫಲಿತಾಂಶ, ದಾಖಲೆ ಪರಿಶೀಲನೆ, ಆಯ್ಕೆ ಪಟ್ಟಿ, ಸೀಟು ಹಂಚಿಕೆ ಬಹುಪಾಲು ನಡೆಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಬಯಲುಸೀಮೆಯವರಿಗೆ ಅದು ಬಿತ್ತನೆಯ ಕಾಲ. ಸಕಲೇಶಪುರದ ಘಟ್ಟದಂಚಿಗೆ ಅದು ಮರ ಉರುಳುವ, ಕಂಬ ಬೀಳುವ, ದಿನಗಟ್ಟಲೆ ಕರೆಂಟಿಲ್ಲದ ಕಾಲ. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ರಸ್ತೆಯೂ ರೈಲೂ ನಿಂತವು. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಗುಡ್ಡ ಹೆದ್ದಾರಿಗೆ ಇಳಿಯಿತು. ಕಡಗರವಳ್ಳಿ–ಎಡಕುಮೇರಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜರಿಯಿತು. ‘ನಾಳೆ ಬೆಳಿಗ್ಗೆ 11 ಗಂಟೆಯೊಳಗೆ ಆಯ್ಕೆ ದಾಖಲಿಸಿ’ ಎಂಬ ಸೂಚನೆ ಅಂಥ ರಾತ್ರಿಯಲ್ಲಿ ಬಂದರೆ ಅದನ್ನು ನೋಡುವವರಾರು?

ಅನುಭವವಿರುವ ವಿದ್ಯಾರ್ಥಿಗಳು ಇದಕ್ಕೆ ತಕ್ಕ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಸಭೆಯನ್ನು ಮಳೆ ಹಿಡಿಯುವ ಮುನ್ನ, ಏಪ್ರಿಲ್–ಮೇ ತಿಂಗಳಲ್ಲೇ ಮುಗಿಸುವುದು. ಮುಖ ತೋರಿಸುವ ಹಂಬಲ ಬಿಟ್ಟು ಧ್ವನಿಯಲ್ಲಷ್ಟೇ ನಡೆಸುವುದು, ಏಕೆಂದರೆ ದುರ್ಬಲ ಸಿಗ್ನಲ್ಲಿಗೆ ಚಿತ್ರ ಭಾರ, ಮಾತು ಹಗುರ. ಮಾತನ್ನು ಮುದ್ರಿಸಿ ವಾಟ್ಸ್‌ಆ್ಯಪಿಗೆ ಹಾಕುವುದು. ಪೇಟೆಯ ಕಾಲೇಜಿಗೆ ಹೋಗಿ ಬರುವ ಯಾರಾದರೊಬ್ಬರು ಬಸ್ ನಿಲ್ದಾಣದಲ್ಲಿ ಅದನ್ನು ಮೊಬೈಲಿಗೆ ಇಳಿಸಿಕೊಂಡು, ಸಂಜೆಯ ಬಸ್ಸಿನಲ್ಲಿ ಊರಿಗೆ ತಂದು, ಪಕ್ಕದ ಮನೆಯ ಹುಡುಗಿಗೆ ಕೇಳಿಸುತ್ತಾರೆ.